ಒಂದೇ ಸೂಲಿನ ಅನೇಕ ನಾಯಿಮರಿಗಳನ್ನು ಮನೆಯಲ್ಲಿ ಸಾಕಿ ಹಂಚುವ ಕ್ರಮ

ಹೊಲ, ತೋಟ, ಕಣ, ಕುರಿಹಟ್ಟಿಗಳನ್ನುಳ್ಳ ಗೃಹಸ್ಥನಿಗೆ ನಾಯಿಯು ಎಷ್ಟರಮಟ್ಟಿಗೆ ಉಪಯುಕ್ತವಾದ ಪ್ರಾಣಿಯೆಂಬುದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಹಂದಿಯ ಕಾಟವುಳ್ಳ ಸೀಮೆಯವರೂ ಚಿರತೆಯ ಭಯವುಳ್ಳ ಸೀಮೆಯವರೂ ಅದನ್ನು ಚೆನ್ನಾಗಿ ಬಲ್ಲರು. ಆದರೆ ಕಾವಲಿಗೆಂದು ಸಾಕಿದ ಹೆಣ್ಣುನಾಯಿಯು ಒಂದೇ ಸೂಲಿನಲ್ಲಿ ಹತ್ತು ಹನ್ನೆರಡು ಮರಿಗಳನ್ನು ಹಾಕಿದಾಗ ಏನು ಮಾಡಬೇಕೆಂಬುದನ್ನು ಬಲ್ಲವರು ಕಡಮೆ. ಹಸು ಈಯುವ ರಾತ್ರಿ ಮನೆಯವರೆಲ್ಲರೂ ಎಚ್ಚೆತ್ತು ಕುಳಿತಿರುವರು. ನಾಯಿ ಈದರೆ ಹಿತ್ತಲಿನ ಮೂಲೆಯಲ್ಲಿ ಅದರ ಪಾಡಿಗೆ ಅದನ್ನು ಬಿಡುವರು. ಹಲವು ಮರಿಗಳು ಮೊದಲನೆಯ ವಾರದಲ್ಲಿಯೇ ಸಾಯುವುವು. ಉಳಿದವು ಕಣ್ಣು ಬಿಟ್ಟು, ಓಡಾಡತೊಡಗಿ, ಅಂಗಳವನ್ನು ಹೊಲಸು ಮಾಡಲಾರಂಭಿಸಿದೊಡನೆ, ಅಂದರೆ ನಾಲ್ಕೈದು ವಾರಗಳ ಪ್ರಾಯದಲ್ಲಿಯೇ, ಕೇಳಿದವರಿಗೆ ಕೇಳಿದಂತೆ ಕೊಟ್ಟುಬಿಡುವರು. ಯಾರಿಗೂ ಬೇಡವಾದ ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಸಂತೆಯ ಮಾಳದಲ್ಲಿಯೋ ಪಕ್ಕದೂರಿನ ಎಲ್ಲೆಯಲ್ಲಿಯೋ ಬಿಟ್ಟು ಬರುವುದೂ ಉಂಟು.

ಈ ಪದ್ಧತಿಯಿಂದಾಗುವ ಕೇಡು ಮರಿಗಳಿಗೆ ಮಾತ್ರ ತಟ್ಟುವುದಾಗಿದ್ದರೆ ಅದನ್ನು ದಯಾಳುಗಳ ವಿಚಾರಕ್ಕೆ ಬಿಡಬಹುದಾಗಿತ್ತು. ಅದು ಊರಿಗೇ ತಟ್ಟುವುದು. ಬೀದಿಯ ಮರಿಗಳ ಗತಿಯೇನಾಗುವುದೆಂಬುದನ್ನು ಕೊಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿದ್ವಾಂಸರು ೩೬೪ ಮರಿಗಳನ್ನು ಹುಟ್ಟಿದಂದಿನಿಂದ ಗಮನಿಸಿ ೨೦೧೬ರಲ್ಲಿ ಪ್ರಕಟಿಸಿರುವರು. ಏಳನೆಯ ತಿಂಗಳನ್ನು ಮುಟ್ಟಿದವು ನೂರಕ್ಕೆ ೧೯ ಮಾತ್ರ. ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದಿಲ್ಲೊಂದು ವಿಧದಲ್ಲಿ ಮನುಷ್ಯನ ದೆಸೆಯಿಂದಲೇ ಸತ್ತವು. ಹೀಗೆ ಸಾಯುವುದಕ್ಕೆ ಮುಂಚೆ ಈ ಮರಿಗಳು ಊರ ಮಕ್ಕಳ ಮಡಿಲಲ್ಲಿ ಆಡುವುವು, ಅವರ ಕೈ ನೆಕ್ಕುವುವು, ಕಚ್ಚುವುವು. ಮರಿ ಕಚ್ಚಿದರೆ ಏನೂ ಆಗದೆಂಬ ನಂಬಿಕೆಯು ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಇದು ಪ್ರಾಣಹಾರಿಯಾದ ನಂಬಿಕೆ. ಹುಚ್ಚುನಾಯಿಯಿಂದ ಕಚ್ಚಿಸಿಕೊಂಡ ಮರಿಗೂ ರೇಬೀಸ್ ರೋಗವು ಬರುವುದು. ಮರಿಯ ಹಲ್ಲಿನ ಗೀರಿನಿಂದಲೂ ಆ ರೋಗವು ಮನುಷ್ಯನಿಗೆ ಹತ್ತುವುದು. ಒಮ್ಮೆ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಇನ್ನು ಬದುಕಿ ಬೆಳೆದ ನೂರಕ್ಕೆ ೧೯ ನಾಯಿಗಳು ಗುಂಪುಗೂಡಿ ರಾತ್ರಿಯ ವೇಳೆ ಕುರಿದೊಡ್ಡಿಗೆ ನುಗ್ಗುವ ಸಂಗತಿಯು ಕುರಿ ಸಾಕುವವರಿಗೆಲ್ಲ ತಿಳಿದದ್ದೇ.

ಆದುದರಿಂದ, ಹುಟ್ಟಿದ ಮರಿಗಳಷ್ಟನ್ನೂ ೮ ವಾರ ತುಂಬುವವರೆಗೆ ತಾಯಿಯೊಡನೆ ಮನೆಯಲ್ಲಿಯೇ ಸಾಕಿ, ಹುಳುವಿನ ಔಷಧವನ್ನೂ ಮೊದಲ ಲಸಿಕೆಯನ್ನೂ ಕೊಡಿಸಿ, ಅನಂತರವೇ ಗೊತ್ತಾದ ಮನೆಗಳಿಗೆ ಕಳುಹಿಸತಕ್ಕದ್ದೆಂಬುದೇ ಈ ಲೇಖನದ ತಾತ್ಪರ್ಯ. ಮುಧೋಳ ಸೀಮೆಯಲ್ಲಿರುವಂತೆ ಮರಿಗಳನ್ನು ಮಾರುವುದನ್ನೇ ಕಸುಬಾಗಿ ಮಾಡಿಕೊಂಡವರಿಗೆ ಇದು ಕಾನೂನೂ ಆಗಿದೆ. ೨೦೧೭ರ ನಾಯಿ ತಳಿವರ್ಧನ ಮತ್ತು ಮಾರಾಟದ ನಿಯಮಗಳ ಪ್ರಕಾರ ೮ ವಾರ ತುಂಬದ ಮರಿಯನ್ನು ಮಾರಕೂಡದು. ಮಾರದೆ ಸುಮ್ಮನೆ ಕೊಡುವವರಿಗೂ ಅದೇ ಅವಧಿಯು ಯೋಗ್ಯವಾದುದು.

ಸ್ಥಳ ಮತ್ತು ಶಾಖ

ನಾಯಿಯು ಗಬ್ಬವಾಗಿ ಸುಮಾರು ೬೩ ದಿವಸಗಳಿಗೆ ಈಯುವುದು. ಅದಕ್ಕೆ ಹತ್ತು ದಿವಸಗಳ ಮುಂಚಿತವಾಗಿಯೇ ಸ್ಥಳವನ್ನು ಗೊತ್ತುಮಾಡಿ ನಾಯಿಯನ್ನು ಅಲ್ಲಿ ಮಲಗಿಸಿ ಅಭ್ಯಾಸಮಾಡಿಸತಕ್ಕದ್ದು. ದನಗಳ ಕೊಟ್ಟಿಗೆಯು ಇದಕ್ಕೆ ತಕ್ಕದ್ದಲ್ಲ. ಗೊರಸಿಗೆ ಸಿಕ್ಕಿ ಮರಿಗಳು ಸಾಯುವುದಲ್ಲದೆ ಉಣ್ಣೆ ಚಿಗಟಗಳ ಕಾಟವೂ ಹೆಚ್ಚು. ಜನರ ಓಡಾಟವಿಲ್ಲದ, ಗಾಳಿ ನೇರವಾಗಿ ಬೀಸದ, ನೆಲ ಒಣಗಿರುವ ಕೋಣೆಯ ಅಥವಾ ಪಡಸಾಲೆಯ ಮೂಲೆಯೇ ಉತ್ತಮ. ಅಲ್ಲಿ ನಾಲ್ಕಡಿ ಉದ್ದ ನಾಲ್ಕಡಿ ಅಗಲದ ಹಲಗೆಯ ಆವರಣವನ್ನು ಮಾಡಿ, ಸುತ್ತಲೂ ಒಂದಡಿ ಎತ್ತರದ ಅಡ್ಡಹಲಗೆಗಳನ್ನು ಹೊಡೆಯಬೇಕು. ಒಳಗಡೆ ಗೋಡೆಯಿಂದ ನಾಲ್ಕಂಗುಲ ದೂರಕ್ಕೂ ನೆಲದಿಂದ ನಾಲ್ಕಂಗುಲ ಎತ್ತರಕ್ಕೂ ಸುತ್ತ ಒಂದು ಬಿದಿರಿನ ಗಳುವನ್ನು ಕಟ್ಟಿದರೆ, ತಾಯಿಯು ಗೋಡೆಗೊರಗಿ ಮಲಗುವಾಗ ಅದರ ಬೆನ್ನಿನ ಹಿಂದೆ ಸಿಕ್ಕಿದ ಮರಿಯು ಅಪ್ಪಚ್ಚಿಯಾಗದೆ ಉಳಿಯುವುದು. ಮರಿಗಳು ಹೆಚ್ಚಿದಷ್ಟೂ ಹೀಗೆ ಸಾಯುವುವೂ ಹೆಚ್ಚಾದುದರಿಂದ ಈ ಅಲ್ಪವೆಚ್ಚದ ಉಪಾಯವನ್ನು ಯಾರೂ ಬಿಡಬಾರದು. ಹಾಸುವುದಕ್ಕೆ ಒಗೆದ ಹಳೆಯ ಪಂಚೆ, ಸೀರೆಗಳು ಸಾಕು. ನೂಲು ಬಿಟ್ಟುಕೊಂಡ ಗೋಣಿತಾಟು ಬೇಡ. ಮರಿಗಳ ಕಾಲುಗುರು ಅದರಲ್ಲಿ ಸಿಕ್ಕಿಕೊಳ್ಳುವುದು.

ಇನ್ನು ಶಾಖದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏತಕ್ಕೆಂದರೆ ಹಸಿವಿನಿಂದ ಸತ್ತಿತೆಂದು ಜನರು ಭಾವಿಸುವ ಅನೇಕ ಮರಿಗಳು ನಿಜವಾಗಿ ಚಳಿಯಿಂದ ಸತ್ತವುಗಳು. ಬೆಳೆದ ನಾಯಿಯ ಮೈಯ ಉಷ್ಣವು ಫ್ಯಾರನ್‌ಹೀಟ್ ಮಾಪಕದಲ್ಲಿ ೧೦೧ರಿಂದ ೧೦೨ ಡಿಗ್ರಿಗಳ ಸುಮಾರಿರುವುದು. ಈಗ ಹುಟ್ಟಿದ ಮರಿಯದು ೯೫ರಿಂದ ೯೭ ಡಿಗ್ರಿ ಮಾತ್ರ. ಅದಕ್ಕೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿಯೂ ಇನ್ನೂ ಬಂದಿರುವುದಿಲ್ಲ. ಎರಡು ಮೂರು ವಾರಗಳವರೆಗೆ ತಾಯಿಯ ಹೊಟ್ಟೆಯೂ ಒಡಹುಟ್ಟುಗಳ ಮೈಯೂ ಸುತ್ತಲಿನ ಗಾಳಿಯೂ ಕೊಟ್ಟ ಶಾಖವೇ ಅದರ ಶಾಖ. ನಮ್ಮ ಊರುನಾಯಿಗಳು ಹೆಚ್ಚಾಗಿ ಈಯುವುದು ಮಾಗಿಯ ಚಳಿಯ ದಿನಗಳಲ್ಲಿ ಎಂಬುದನ್ನೂ ನೆನೆಯಬೇಕು. ಮರಿಗಳು ನಾಲ್ಕೇ ಆಗಿದ್ದರೆ ತಾಯಿಯು ಎಲ್ಲವನ್ನೂ ತಬ್ಬಿಕೊಂಡಿರುವುದು. ಹನ್ನೆರಡಾದರೆ ಅಂಚಿಗೆ ಸರಿದ ಒಂದೆರಡು ತಣ್ಣಗಾಗುವುವು.

ಮೊದಲನೆಯ ವಾರದಲ್ಲಿ ಮರಿಗಳು ಮಲಗುವ ಜಾಗದ ಉಷ್ಣವು ೮೫ರಿಂದ ೯೦ ಡಿಗ್ರಿಗಳವರೆಗೂ ಇರತಕ್ಕದ್ದು. ಅನಂತರ ಕ್ರಮವಾಗಿ ತಗ್ಗಿಸುತ್ತ ಬಂದು ನಾಲ್ಕನೆಯ ವಾರಕ್ಕೆ ೭೫ ಡಿಗ್ರಿಗೆ ತಂದರೆ ಸಾಕು. ಆವರಣದ ಒಂದು ಮೂಲೆಗೆ ಮಾತ್ರ ಶಾಖವನ್ನು ಕೊಡಬೇಕು, ಸೆಕೆಯಾದರೆ ಮರಿಯು ಇನ್ನೊಂದು ಮೂಲೆಗೆ ತೆವಳಲು ಸ್ಥಳವಿರಬೇಕು. ತಂತಿಯುಳ್ಳ ಹಳೆಯ ಮಾದರಿಯ ವಿದ್ಯುದ್ದೀಪವನ್ನು ಎತ್ತರದಲ್ಲಿ ಭದ್ರವಾಗಿ ಕಟ್ಟಬಹುದು. ಈಗ ಮನೆಮನೆಗೂ ಬಂದಿರುವ ಎಲ್.ಇ.ಡಿ. ದೀಪವು ಬೆಳಕನ್ನು ಕೊಡುವುದೇ ಹೊರತು ಈ ಕೆಲಸಕ್ಕೆ ಬಾರದು. ದೀಪವಿಲ್ಲದಲ್ಲಿ ಬಿಸಿನೀರು ತುಂಬಿದ ಸೀಸೆಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಇಡಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಮಾತ್ರ ಇಡಲೇಕೂಡದು. ಅದರ ವಿಷವಾಯುವು ಮರಿಗಳನ್ನೂ ಅಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುವುದು. ಉಷ್ಣಮಾಪಕವಿಲ್ಲದವರು ಮರಿಗಳನ್ನೇ ನೋಡಿ ತಿಳಿಯಬಹುದು. ಒಂದರ ಮೇಲೊಂದು ರಾಶಿಬಿದ್ದು ಕುಯ್‌ಗುಟ್ಟುತ್ತಿದ್ದರೆ ಚಳಿ. ದೂರ ದೂರ ಚೆದರಿ ಬಾಯ್ದೆರೆದು ಏದುತ್ತಿದ್ದರೆ ಸೆಕೆ. ಪಕ್ಕಪಕ್ಕದಲ್ಲಿ ಮೌನವಾಗಿ ಮಲಗಿ ನಿದ್ದೆಯಲ್ಲಿ ಆಗಾಗ್ಗೆ ಮೈ ಅದುರಿಸುತ್ತಿದ್ದರೆ ಎಲ್ಲವೂ ಸರಿಯಾಗಿದೆ.

ತಣ್ಣಗಾಗಿ ಬಿದ್ದಿರುವ ಮರಿಯನ್ನು ಕಂಡೊಡನೆ ಬಾಯಿಗೆ ಹಾಲು ಹಾಕುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಮಾಡಬಾರದು. ಮೈ ತಣ್ಣಗಿರುವಾಗ ಮರಿಯ ಕರುಳು ಕೆಲಸಮಾಡದೆ ಹಾಲು ಹೊಟ್ಟೆಯಲ್ಲಿಯೇ ಹುಳಿತು ಕೊಳೆಯುವುದು, ಇಲ್ಲವೆ ಶ್ವಾಸಕೋಶಕ್ಕೆ ಇಳಿಯುವುದು. ಮೊದಲು ಅದನ್ನು ಬಟ್ಟೆಯಲ್ಲಿ ಸುತ್ತಿ ಮನುಷ್ಯನ ಮೈಗೆ ಅವುಚಿಕೊಂಡು ಒಂದು ಗಂಟೆಯ ಕಾಲ ಮೆಲ್ಲಮೆಲ್ಲನೆ ಬೆಚ್ಚಗೆ ಮಾಡಿ, ಚುರುಕಾಗಿ ಬಾಯಾಡಿಸತೊಡಗಿದ ಮೇಲೆಯೇ ಹಾಲನ್ನು ಕೊಡತಕ್ಕದ್ದು.

ಹಾಲಿನ ಹಂಚಿಕೆ

ಮರಿಗಳು ಹುಟ್ಟಿದ ಮೊದಲ ಒಂದು ದಿವಸದೊಳಗೆ ಪ್ರತಿಯೊಂದಕ್ಕೂ ತಾಯಿಯ ಗಿಣ್ಣುಹಾಲು ಸಿಕ್ಕಲೇಬೇಕು. ರೋಗವನ್ನು ತಡೆಯುವ ಶಕ್ತಿಯು ಮರಿಗೆ ಬರುವುದು ಹೆಚ್ಚಾಗಿ ಅದರಿಂದಲೇ. ಒಂದು ದಿವಸ ಕಳೆದ ಮೇಲೆ ಕರುಳು ಆ ಸತ್ತ್ವವನ್ನು ಹೀರಿಕೊಳ್ಳಲಾರದು. ಸಣ್ಣ ಮರಿಗಳನ್ನು ಕೈಯಿಂದ ಹಿಡಿದು ಮೊಲೆಗೆ ಬಾಯಿ ಸೇರಿಸಿ ಕುಡಿಸಬೇಕು.

ನಾಯಿಗೆ ಸಾಮಾನ್ಯವಾಗಿ ೮ರಿಂದ ೧೦ ಮೊಲೆಗಳಿರುವುವು. ಅವುಗಳಲ್ಲಿ ಹಿಂದಿನವುಗಳಲ್ಲಿ ಹಾಲು ಹೆಚ್ಚು. ಬಲವಾದ ಮರಿಗಳು ಇವನ್ನೇ ಹಿಡಿಯುವುವು; ದುರ್ಬಲವಾದವುಗಳಿಗೆ ಮುಂದಿನ ಬಡ ಮೊಲೆಗಳು, ಅಥವಾ ಏನೂ ಇಲ್ಲ. ಮೊದಲನೆಯ ದಿನ ಒಂದು ತೊಲದಷ್ಟಿದ್ದ ತೂಕದ ವ್ಯತ್ಯಾಸವು ಹೀಗೆ ವಾರ ಕಳೆಯುವುದರೊಳಗೆ ಸಾವು ಬದುಕಿನ ವ್ಯತ್ಯಾಸವಾಗುವುದು. ಇದನ್ನು ತಡೆಯುವ ಉಪಾಯವು ಸುಲಭವಾಗಿದೆ. ಮರಿಗಳನ್ನು ತೂಕದ ಮೇರೆಗೆ ಎರಡು ತಂಡಗಳಾಗಿ ವಿಂಗಡಿಸಿ, ಒಂದು ತಂಡವು ಕುಡಿಯುತ್ತಿರುವಾಗ ಇನ್ನೊಂದನ್ನು ಬೆಚ್ಚಗಿನ ಬುಟ್ಟಿಯಲ್ಲಿ ಮಲಗಿಸಿ, ಎರಡು ಮೂರು ಗಂಟೆಗಳಿಗೊಮ್ಮೆ ಬದಲಾಯಿಸುತ್ತಿರಬೇಕು. ಸಣ್ಣ ಮರಿಗಳ ತಂಡಕ್ಕೆ ಮೊದಲ ಸರದಿ. ಹತ್ತಿರದಲ್ಲಿ ಅದೇ ಸುಮಾರಿಗೆ ಈದು ಕಡಮೆ ಮರಿಗಳಿರುವ ಇನ್ನೊಂದು ನಾಯಿಯಿದ್ದು, ಅದು ಆರೋಗ್ಯವಾಗಿಯೂ ಸಾಧುವಾಗಿಯೂ ಇದ್ದರೆ ಒಂದೆರಡು ಮರಿಗಳನ್ನು ಅದರ ಮರಿಗಳ ಮೈವಾಸನೆ ಹತ್ತಿಸಿ ಅದಕ್ಕೆ ಬಿಡಬಹುದು. ಅನೇಕ ನಾಯಿಗಳು ಹೀಗೆ ಬಿಟ್ಟ ಮರಿಯನ್ನು ತಕರಾರಿಲ್ಲದೆ ಒಪ್ಪುವುವು.

ತಕ್ಕಡಿಯೇ ಇಲ್ಲಿ ವೈದ್ಯ. ಪ್ರತಿ ಮರಿಯ ಕತ್ತಿಗೂ ಬೇರೆ ಬೇರೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿ, ದಿನವೂ ಬೆಳಿಗ್ಗೆ ಅದೇ ವೇಳೆಗೆ ತೂಗಿ, ಗ್ರಾಂ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆಯಬೇಕು. (ಮರಿ ಬೆಳೆದಂತೆ ನೂಲು ಬಿಗಿಯುವುದರಿಂದ ಅದನ್ನೂ ದಿನವೂ ನೋಡಬೇಕು.) ಹುಟ್ಟಿದ ಮರುದಿನ ತೂಕವು ಸ್ವಲ್ಪ ಇಳಿದರೆ ಭಯವಿಲ್ಲ. ಅಲ್ಲಿಂದ ಮುಂದೆ ದಿನದಿನಕ್ಕೆ ಏರಲೇಬೇಕು. ಹುಟ್ಟಿದಾಗ ೩೦೦ ಗ್ರಾಂ ತೂಗಿದ ಮರಿಯು ಎಂಟು ಹತ್ತು ದಿವಸಗಳಲ್ಲಿ ೬೦೦ ಗ್ರಾಂ ತೂಗತಕ್ಕದ್ದು. ಒಂದು ದಿವಸ ತೂಕವು ಏರದೆ ನಿಂತರೆ ಆ ಮರಿಗೆ ಮೇಲುಹಾಲು ಬೇಕೆಂದರ್ಥ; ಎರಡನೆಯ ದಿವಸವೂ ನಿಂತರೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಕಣ್ಣಿನ ಅಂದಾಜನ್ನು ನಂಬಿದವರಿಗೆ ಈ ಸಂಗತಿಯು ಮೂರು ದಿವಸ ತಡವಾಗಿ ತಿಳಿಯುವುದು, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಮೇಲುಹಾಲಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವ ರೂಢಿಯು ಸರಿಯಲ್ಲ. ನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಎರಡರಷ್ಟು ಜಿಡ್ಡೂ ಎರಡರಷ್ಟು ಮಾಂಸಪೋಷಕ ಸತ್ತ್ವವೂ ಇದ್ದು, ಸಕ್ಕರೆಯ ಅಂಶ ಮಾತ್ರ ಕಡಮೆ. ಮೊದಲೇ ತೆಳುವಾದುದನ್ನು ಇನ್ನೂ ತೆಳುವು ಮಾಡಿದರೆ ಮರಿಯು ಹೊಟ್ಟೆ ತುಂಬಿಯೂ ಉಪವಾಸವಿದ್ದಂತಾಗುವುದು. ನಾಯಿಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯು ಪಟ್ಟಣಗಳ ಔಷಧದ ಅಂಗಡಿಗಳಲ್ಲಿ ಸಿಕ್ಕುವುದು, ಅದೇ ಶ್ರೇಷ್ಠ. ಅದನ್ನು ತರಿಸುವವರೆಗೆ ಒಂದೆರಡು ದಿವಸ ನೀರು ಬೆರೆಸದ ಎಮ್ಮೆಯ ಹಾಲನ್ನು ಕಾಯಿಸಿ ಆರಿಸಿ, ಕಾಲು ಲೀಟರಿಗೆ ಒಂದು ಕೋಳಿಮೊಟ್ಟೆಯ ಹಳದಿಯನ್ನು ಕದಡಿ, ಉಗುರುಬೆಚ್ಚಗೆ ಕೊಡಬಹುದು. ಮರಿಯ ತೂಕದ ೧೦೦ ಗ್ರಾಮಿಗೆ ದಿನವೊಂದಕ್ಕೆ ೧೫ರಿಂದ ೨೦ ಮಿಲಿಲೀಟರಿನಂತೆ ಲೆಕ್ಕಮಾಡಿ, ಅದನ್ನು ಮೊದಲ ವಾರದಲ್ಲಿ ಎಂಟು ಸಲಕ್ಕೆ ಹಂಚತಕ್ಕದ್ದು. ಮಗುವನ್ನು ಮಲಗಿಸಿದಂತೆ ಅಂಗಾತನೆ ಮಲಗಿಸಿ ಕುಡಿಸಬಾರದು. ಹೊಟ್ಟೆ ಕೆಳಗಾಗಿ ಮಲಗಿಸಿ ತಲೆಯನ್ನು ಸ್ವಲ್ಪ ಎತ್ತಿ ಕುಡಿಸಬೇಕು. ಮೂಗಿನಲ್ಲಿ ಹಾಲು ಬಂದರೆ ಒಡನೆ ನಿಲ್ಲಿಸಬೇಕು. ತಾಯಿಯಿಂದ ಬೇರೆಯಾಗಿರುವ ಮರಿಯಾದರೆ, ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಅದರ ಹಿಂಭಾಗವನ್ನು ಮೆಲ್ಲನೆ ಒರಸಬೇಕು. ತಾಯಿಯ ನಾಲಗೆಯ ಈ ಉಪಚಾರವಿಲ್ಲದೆ ಮೊದಲ ಎರಡು ಮೂರು ವಾರ ಮರಿಯು ತಾನಾಗಿ ಮಲಮೂತ್ರಗಳನ್ನು ವಿಸರ್ಜಿಸಲಾರದು.

ತಾಯಿಯ ಆರೈಕೆ

ಇಷ್ಟು ಹಾಲನ್ನು ಕೊಡುವ ತಾಯಿಗೆ ಮನೆಯವರುಂಡು ಮಿಕ್ಕಿದ ಒಂದು ಹೊತ್ತಿನ ಮುದ್ದೆಯು ಏನೂ ಸಾಲದು. ಮೂರನೆಯ ನಾಲ್ಕನೆಯ ವಾರಗಳಲ್ಲಿ ಅದಕ್ಕೆ ವಾಡಿಕೆಯ ಆಹಾರದ ಮೂರರಷ್ಟಾದರೂ ಬೇಕಾಗುವುದು. ಇದನ್ನು ದಿನಕ್ಕೆ ನಾಲ್ಕು ಸಲಕ್ಕೆ ಹಂಚಿ ಕೊಡಬೇಕು. ರಾಗಿಯ ಮುದ್ದೆ, ಬೇಯಿಸಿದ ಬೇಳೆ, ಹಾಲು, ಮೊಟ್ಟೆ, ಅನುಕೂಲವಿದ್ದವರು ಬೇಯಿಸಿದ ಮಾಂಸ, ಇವು ಒಳ್ಳೆಯವು. ೧೦೦ ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು ಸುಮಾರು ೩೪೦ ಮಿಲಿಗ್ರಾಂ ಇರುವುದರಿಂದ ಅಕ್ಕಿಗಿಂತ ರಾಗಿಯು ಹಾಲೂಡುವ ನಾಯಿಗೆ ಬಹಳ ಮೇಲು. ಶುದ್ಧವಾದ ನೀರು ಹಗಲಿರುಳೂ ಎಟುಕುವಂತಿರಬೇಕು. ಈರುಳ್ಳಿ ಬೆರೆತ ಸಾರು ನಾಯಿಯ ರಕ್ತವನ್ನು ಕೆಡಿಸುವುದು; ಹಾಕಬಾರದು.

ಮರಿಗಳು ಹೆಚ್ಚಾಗಿರುವ ನಾಯಿಗೆ ಎರಡನೆಯ ವಾರದಿಂದ ನಾಲ್ಕನೆಯ ವಾರದೊಳಗೆ ಹಾಲುಜ್ವರವು ಬರುವುದುಂಟು. ಹಸುವಿಗೆ ಈ ರೋಗ ಬಂದರೆ ಮೈ ತಣ್ಣಗಾಗುವುದನ್ನು ರೈತರು ಕಂಡಿರುವರು. ನಾಯಿಯಲ್ಲಿ ಅದಕ್ಕೆ ವ್ಯತಿರಿಕ್ತವಾಗಿ ಮೈ ಕಾದುಹೋಗುವುದು. ನಾಯಿಯು ನಿಲ್ಲದೆ ಏದುವುದು, ಮರಿಗಳನ್ನು ಲಕ್ಷ್ಯಮಾಡದೆ ಅತ್ತಿತ್ತ ತಿರುಗುವುದು, ಕಾಲುಗಳು ಸೆಟೆದುಕೊಂಡು ತತ್ತರಿಸುವುದು, ಮೈಯೆಲ್ಲ ಅದುರುವುದು ಇದರ ಲಕ್ಷಣಗಳು. ಇವನ್ನು ಕಂಡು ಹುಚ್ಚು ಹಿಡಿಯಿತೆಂದು ಹೊಡೆದು ಕೊಲ್ಲುವವರೂ ಇದ್ದಾರೆ. ರಕ್ತದಲ್ಲಿ ಸುಣ್ಣದ ಅಂಶವು ಕುಸಿಯುವುದರಿಂದ ಬರುವ ಈ ರೋಗವು ಪಶುವೈದ್ಯರು ನರಕ್ಕೆ ಕೊಡುವ ಕ್ಯಾಲ್ಸಿಯಂ ಔಷಧದಿಂದ ಬಹು ಶೀಘ್ರವಾಗಿ ಗುಣವಾಗುವುದು; ತಡಮಾಡಿದರೆ ಕೆಲವೇ ಗಂಟೆಗಳಲ್ಲಿ ನಾಯಿ ಸಾಯುವುದು. ಒಡನೆಯೇ ಮರಿಗಳನ್ನು ಬೇರ್ಪಡಿಸಿ ನಾಯಿಯನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು. ಇದನ್ನು ತಡೆಯಬೇಕೆಂದು ಗಬ್ಬದ ಕಾಲದಲ್ಲಿಯೇ ಕ್ಯಾಲ್ಸಿಯಂ ಪುಡಿಯನ್ನು ತಿನ್ನಿಸುವುದು ವಿಪರೀತ ಫಲಕೊಡುವುದು, ಏತಕ್ಕೆಂದರೆ ಮೂಳೆಯಲ್ಲಿರುವುದನ್ನು ಬಳಸಿಕೊಳ್ಳುವ ಶಕ್ತಿಯು ದೇಹಕ್ಕೆ ಆಗ ತಪ್ಪಿಹೋಗುವುದು. ಮೊಲೆಗಳನ್ನೂ ದಿನವೂ ಮುಟ್ಟಿ ನೋಡಬೇಕು. ಗಟ್ಟಿಯಾಗಿ, ಕೆಂಪಾಗಿ, ಬಿಸಿಯಾಗಿ ಇರುವ ಮೊಲೆಯು ಕೆಚ್ಚಲುಬಾವಿನ ಚಿಹ್ನೆ.

ಮೇವು, ಹುಳು, ಲಸಿಕೆ

ಹತ್ತರಿಂದ ಹದಿನಾಲ್ಕನೆಯ ದಿವಸದೊಳಗೆ ಮರಿಗಳು ಕಣ್ಣು ಬಿಡುವುವು. ಮೂರೂವರೆ ವಾರವಾಗುತ್ತಲೇ ತೆಳುವಾದ ರಾಗಿಯ ಗಂಜಿಗೆ ಹಾಲು ಬೆರೆಸಿ, ಅಂಚು ತಗ್ಗಾದ ತಟ್ಟೆಯಲ್ಲಿಟ್ಟು ನೆಕ್ಕಿಸಬೇಕು. ವಾರದೊಳಗೆ ಅದನ್ನು ಗಟ್ಟಿಮಾಡಿ ಬೇಯಿಸಿದ ಮೊಟ್ಟೆ, ಬೇಳೆ, ನುರಿದ ಮಾಂಸಗಳನ್ನು ಸೇರಿಸಬೇಕು. ಬರಿಯ ಅನ್ನ ಮಜ್ಜಿಗೆಯಲ್ಲಿ ಬೆಳೆದ ಮರಿಗೆ ಹೊಟ್ಟೆ ಡೊಳ್ಳಾಗಿ ಕಾಲು ಸೊಟ್ಟಗಾಗುವುದು. ಹನ್ನೆರಡು ಮರಿಗಳಿಗೆ ಒಂದೇ ತಟ್ಟೆಯಿಟ್ಟರೆ ಮೂರು ಮರಿಗಳು ತಿಂದು ಉಳಿದವು ನೋಡುವುವು. ಮೂರು ನಾಲ್ಕು ತಟ್ಟೆಗಳನ್ನು ದೂರ ದೂರವಿಟ್ಟು, ಕೊನೆಯವರೆಗೂ ನಿಂತು ನೋಡಬೇಕು.

ಹುಳುವಿನ ವಿಷಯವು ಮನೆಯ ಮಕ್ಕಳಿಗೂ ಸಂಬಂಧಿಸಿದುದು. ನಾಯಿಯ ದುಂಡುಹುಳುವು ತಾಯಿಯ ಗರ್ಭದಲ್ಲಿಯೇ ಮರಿಗೆ ಇಳಿಯುವುದು, ಹಾಲಿನಲ್ಲಿಯೂ ಬರುವುದು. ಆದುದರಿಂದ ಹೊರಗೇ ಹೋಗದ ಮರಿಗೂ ಹುಳುವಿರುವುದು. ಎರಡು, ನಾಲ್ಕು, ಆರು, ಎಂಟು ವಾರಗಳಲ್ಲಿ ಪಶುವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದಲ್ಲಿ ಔಷಧವನ್ನು ಕೊಡಬೇಕು. ಆಯಾ ದಿವಸವೇ ತಾಯಿಗೂ ಕೊಡತಕ್ಕದ್ದು. ಮರಿಗಳ ಮಲದಲ್ಲಿ ಬೀಳುವ ಈ ಹುಳುವಿನ ಮೊಟ್ಟೆಯು ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆಯೇ ಸೋಂಕುವ ಶಕ್ತಿಯನ್ನು ಪಡೆಯುವುದು. ಅಂಗಳದಲ್ಲಿ ಆಡುವ ಮಕ್ಕಳ ಬಾಯಿಗೆ ಹೋದರೆ ಅವರ ಪಿತ್ತಕೋಶಕ್ಕೂ ಕೆಲವು ವೇಳೆ ಕಣ್ಣಿಗೂ ಕೇಡುಂಟುಮಾಡುವುದು. ದಿನವೂ ಮಲವನ್ನು ಬಳಿದು ಆಳವಾದ ಗುಂಡಿಗೆ ಹಾಕಿ ಮುಚ್ಚಿದರೆ ಬಲಿಯುವುದಕ್ಕೆ ಅವಕಾಶವೇ ಇರುವುದಿಲ್ಲ. ಕುರಿ ಮೇಕೆ ಕಡಿದಾಗ ಹಸಿಯ ಈಲಿ ಪುಪ್ಪುಸಗಳನ್ನು ನಾಯಿಗೆಸೆಯುವುದೂ ನಿಲ್ಲಬೇಕು. ನಾಯಿಯ ಮೂಲಕ ಮನುಷ್ಯನ ಈಲಿಯಲ್ಲಿ ನೀರುಗುಳ್ಳೆಗಳನ್ನುಂಟುಮಾಡುವ ಲಾಡಿಹುಳುವು ಅಲ್ಲಿಂದಲೇ ಬರುವುದು.

ಆರರಿಂದ ಎಂಟನೆಯ ವಾರದಲ್ಲಿ ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ವಿರುದ್ಧ ಮೊದಲನೆಯ ಲಸಿಕೆ. ತಾಯಿಯ ಹಾಲಿನಿಂದ ಬಂದ ಶಕ್ತಿಯು ಮರಿಯ ಮೈಯಲ್ಲಿ ಇನ್ನೂ ಉಳಿದಿದ್ದರೆ ಲಸಿಕೆಯನ್ನು ಅದೇ ನಿಷ್ಫಲಮಾಡುವುದು. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುವುದೆಂದು ಹೇಳಲಾಗದು. ಆದುದರಿಂದಲೇ ಮೂರು ನಾಲ್ಕು ವಾರಗಳಿಗೊಮ್ಮೆ ೧೬ ವಾರಗಳವರೆಗೂ ಮತ್ತೆ ಮತ್ತೆ ಹಾಕಿಸಬೇಕೆಂಬ ವಿಧಿ. ಇದು ವೈದ್ಯರ ಲಾಭದ ಮಾತಲ್ಲ. ರೇಬೀಸ್ ಲಸಿಕೆಯು ೩ ತಿಂಗಳಿಗೆ, ಅನಂತರ ವರ್ಷಕ್ಕೊಮ್ಮೆ. ಸೆಪ್ಟೆಂಬರ್ ೨೮, ಅಂದರೆ ೧೮೯೫ರಲ್ಲಿ ಲೂಯಿ ಪಾಶ್ಚರನು ತೀರಿಹೋದ ದಿವಸವು, ವಿಶ್ವ ರೇಬೀಸ್ ದಿನವಾಗಿದೆ. ಆ ಸುಮಾರಿನಲ್ಲಿ ಅನೇಕ ಕಡೆ ಪಶು ಚಿಕಿತ್ಸಾಲಯಗಳಲ್ಲಿ ಈ ಲಸಿಕೆಯನ್ನು ಧರ್ಮಾರ್ಥವಾಗಿ ಹಾಕುವರು. ಗ್ರಾಮದ ಮುಖ್ಯಸ್ಥರು ಮೊದಲೇ ವಿಚಾರಿಸಿ ಡಂಗುರ ಹಾಕಿಸುವುದು ಒಳ್ಳೆಯದು.

ಮನೆಯ ಮರಿಯೇ ಆಗಲಿ, ಹಲ್ಲಿನಿಂದ ಚರ್ಮ ತೆರೆಯಿತೆಂದರೆ ಗಾಯವನ್ನು ಸೋಪು ಹಚ್ಚಿ ಸುರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಹೊಕ್ಕುಳಿನ ಸುತ್ತ ೧೪ ಸೂಜಿಗಳೆಂಬ ಭಯದಿಂದ ಈಗಲೂ ಹಿಂಜರಿಯುವವರಿದ್ದಾರೆ. ಆ ಚಿಕಿತ್ಸೆಯು ನಿಂತು ಬಹಳ ಕಾಲವಾಯಿತು. ಈಗಿನದು ತೋಳಿಗೆ ನಾಲ್ಕೈದು ಸಲ ಹಾಕುವ ಸಣ್ಣ ಸೂಜಿ. ಸುಣ್ಣ, ಮೆಣಸಿನಪುಡಿ, ಎಕ್ಕದ ಹಾಲು ಮುಂತಾದವುಗಳನ್ನು ಗಾಯಕ್ಕೆ ಮೆತ್ತಬಾರದು.

ಹಂಚುವ ಬಗೆ

ಎಂಟು ವಾರವೇ ಏಕೆ, ಐದು ವಾರಕ್ಕೆ ಗಂಜಿ ಕುಡಿಯುವ ಮರಿಯನ್ನು ಕೊಟ್ಟರೇನೆಂದು ಕೇಳಬಹುದು. ಮರಿಯು ಕಚ್ಚುವುದರ ಮಿತಿಯನ್ನು ಕಲಿಯುವುದು ಒಡಹುಟ್ಟುಗಳೊಡನೆ ಆಡುವಾಗ. ಜೋರಾಗಿ ಕಚ್ಚಿದರೆ ಜೊತೆಯ ಮರಿ ಕಿರಿಚಿ ಆಟ ಬಿಡುವುದು, ತಾಯಿ ಗದರುವುದು. ಈ ಶಾಲೆಯನ್ನು ಬೇಗ ಬಿಟ್ಟ ಮರಿಯು ದೊಡ್ಡದಾದ ಮೇಲೆ ಮನುಷ್ಯನ ಮೇಲೆ ಪ್ರಯೋಗಿಸಿ ಕಲಿಯುವುದು. ಹಾಗೆಯೇ, ಮನುಷ್ಯರಲ್ಲಿ ಸಲಿಗೆಯುಂಟಾಗುವುದಕ್ಕೂ ಒಂದು ಕಾಲವಿದೆ. ಅಮೆರಿಕ ದೇಶದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ಪರೀಕ್ಷಿಸಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಾಲವು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆಂದು ಹೇಳಿದ್ದಾರೆ. ಇದರಲ್ಲಿ ಹೆಚ್ಚು ಭಾಗವು ನಮ್ಮ ಮನೆಯಲ್ಲಿಯೇ ಕಳೆಯುವುದರಿಂದ, ನಾಲ್ಕನೆಯ ವಾರದಿಂದ ಪ್ರತಿ ಮರಿಯನ್ನೂ ದಿನಕ್ಕೊಮ್ಮೆಯಾದರೂ ಬೇರೆಯಾಗಿ ಎತ್ತಿಕೊಂಡು, ಹೆಂಗಸರು ಮಕ್ಕಳು ಮುದುಕರು ಎಲ್ಲರ ಕೈಗೂ ಕೊಟ್ಟು, ಹಸು, ಕೋಳಿ, ಟ್ರ್ಯಾಕ್ಟರಿನ ಶಬ್ದ ಇವುಗಳಿಗೆ ಒಗ್ಗಿಸಬೇಕು. ಹನ್ನೆರಡು ಮರಿಗಳು ತಮ್ಮತಮ್ಮಲ್ಲಿಯೇ ಆಡಿಕೊಂಡಿರುವಾಗ ಯಾರ ಕೈಗೂ ಬಾರದ ಅಂಜುಬುರುಕ ಮರಿಯೊಂದು ಮೂಲೆಯಲ್ಲಿ ಉಳಿದುಬಿಡುವುದು ದೊಡ್ಡ ಸೂಲುಗಳಲ್ಲಿ ಸುಲಭ. ಅದೇ ಮುಂದೆ ಭಯದಿಂದ ಕಚ್ಚುವ ನಾಯಿ. ಕುರಿಹಟ್ಟಿಗೆ ಹೋಗತಕ್ಕ ಮರಿಗೆ ಕುರಿಗಳ ಪರಿಚಯವೂ ಈ ಕಾಲದಲ್ಲಿಯೇ ಆಗಬೇಕು.

ಕೊಡುವಾಗ ಮೊದಲು ಕೇಳಿದವನಿಗೆ ಮೊದಲೆಂಬ ನ್ಯಾಯ ಬೇಡ. ಮನೆಯಲ್ಲಿ ಹಗಲು ಯಾರಿರುವರು, ಎಲ್ಲಿ ಕಟ್ಟುವರು, ಮುಂಚೆ ಸಾಕಿದ ನಾಯಿಯು ಏನಾಯಿತು, ಈ ಮೂರು ಪ್ರಶ್ನೆಗಳನ್ನು ಕೇಳಿದರೆ ಬಹಳಮಟ್ಟಿಗೆ ತಿಳಿಯುವುದು. ಮೂರನೆಯ ಪ್ರಶ್ನೆಗೆ ನಗುತ್ತ ಉತ್ತರ ಕೊಡುವವನಿಗೆ ಕೊಡದಿರುವುದೇ ಲೇಸು. ಗಂಡುಮರಿಗಳನ್ನು ಆರಿಸಿಕೊಂಡು ಹೋಗುವವರು ಬೇಕಾದಷ್ಟು ಮಂದಿ, ಹೆಣ್ಣುಮರಿಗಳು ಉಳಿಯುವುವು. ಹೀಗೆ ಉಳಿದು ಬೀದಿಪಾಲಾದ ಒಂದು ಹೆಣ್ಣುಮರಿಯು ವರ್ಷ ತುಂಬುವ ಹೊತ್ತಿಗೆ ತಾನೂ ಬೆದೆಗೆ ಬರುವುದು. ಆದುದರಿಂದ ಹೆಣ್ಣುಮರಿಗಳಿಗೆ ಮೊದಲು ಮನೆ ನೋಡಿ ಅನಂತರ ಗಂಡುಗಳನ್ನು ಬಿಟ್ಟುಕೊಡುವುದು ಜಾಣತನ. ಕಾವಲ ಕೆಲಸದಲ್ಲಿ ಹೆಣ್ಣುನಾಯಿಯು ಗಂಡಿಗಿಂತ ಕಡಮೆಯಲ್ಲವೆಂಬುದನ್ನೂ, ಆರು ತಿಂಗಳ ಸುಮಾರಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಬಹುದೆಂಬುದನ್ನೂ ತಿಳಿಸಿ ಹೇಳಬೇಕು. ಮರಿಗಳನ್ನು ಬುಟ್ಟಿಯಲ್ಲಿಟ್ಟು ಜಾತ್ರೆಗೆ ಸಂತೆಗೆ ಕೊಂಡೊಯ್ದು ಹಂಚುವುದು ಸರಿಯಲ್ಲ. ಪಾರ್ವೊ ರೋಗದ ವಿಷವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದು, ಅಲ್ಲಿ ಒಂದು ಮರಿಗೆ ಹತ್ತಿದರೆ ಹಿಂದಿರುಗಿದ ಎಲ್ಲವುಗಳಿಗೂ ಹತ್ತುವುದು. ಬೇಕಾದವರೇ ಮನೆಗೆ ಬಂದು, ತಾಯಿಯನ್ನೂ ನೋಡಿ ಒಯ್ಯಲಿ.

ಪ್ರತಿ ಮರಿಯೊಡನೆ ಒಂದು ಚೀಟಿಯನ್ನು ಕೊಡತಕ್ಕದ್ದು: ಹುಟ್ಟಿದ ದಿವಸ, ಹುಳುವಿನ ಔಷಧ ಕೊಟ್ಟ ದಿವಸಗಳು, ಲಸಿಕೆಯ ಹೆಸರು ಮತ್ತು ಮುಂದಿನ ಲಸಿಕೆಯ ದಿವಸ. ಅದರ ನಕಲು ನಮ್ಮಲ್ಲಿರಲಿ. ನಾಲ್ಕು ದಿವಸಕ್ಕಾಗುವಷ್ಟು ಅಭ್ಯಾಸವಾದ ಹಿಟ್ಟನ್ನೂ, ತಾಯಿಯ ಮೈವಾಸನೆಯುಳ್ಳ ಒಂದು ತುಂಡು ಬಟ್ಟೆಯನ್ನೂ ಜೊತೆಯಲ್ಲಿ ಕೊಟ್ಟರೆ ಮರಿಗೆ ಭೇದಿಯೂ ಹಿಡಿಯದು, ರಾತ್ರಿಯೆಲ್ಲ ಅಳುವುದೂ ತಗ್ಗುವುದು. ಒಂದೇ ದಿವಸ ಎಲ್ಲ ಮರಿಗಳನ್ನೂ ಕಳುಹಿಸದೆ ವಾರವೊಂದರಲ್ಲಿ ಎರಡೆರಡರಂತೆ ಕಳುಹಿಸಿದರೆ ತಾಯಿಯ ಮೊಲೆಗಳು ಕಟ್ಟಿಕೊಳ್ಳದೆ ಕ್ರಮವಾಗಿ ಬತ್ತುವುವು. ಕೊಟ್ಟ ಮನೆಯವರು ಆಗದೆಂದು ಹಿಂದಕ್ಕೆ ತಂದರೆ ಮರುಮಾತಿಲ್ಲದೆ ತೆಗೆದುಕೊಳ್ಳುವುದಾಗಿ ಮೊದಲೇ ಹೇಳಿಡಬೇಕು. ಇಲ್ಲವಾದರೆ ಅವರೂ ಗೋಣಿಚೀಲವನ್ನೇ ಹುಡುಕುವರು. ಉಪವಾಸದಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ೧೯೬೦ರ ಪ್ರಾಣಿ ಹಿಂಸೆ ತಡೆಯುವ ಕಾಯಿದೆಯ ಮೇರೆಗೆ ಅಪರಾಧ. ಸಾಕಿದ ನಾಯಿಯ ಸಂತಾನ, ಲಸಿಕೆಗಳ ಹೊಣೆಯು ಸಾಕಿದವನದೇ ಎಂದು ೨೦೨೩ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿಯೂ ಹೇಳಿದೆ.

ಮುಧೋಳದ ನಾಯಿಯಂತಹ ಶುದ್ಧ ತಳಿಯನ್ನು ಸಾಕುವವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕಾಗಿದೆ. ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಬಂದ ಈ ತಳಿಗೆ ಈಗ ದೂರದೂರದಿಂದ ಕೇಳಿಕೆ ಇರುವುದರಿಂದ, ಹೆಚ್ಚು ಮರಿ ಹಾಕಿದ ತಾಯಿಯನ್ನು ಮುಂದಿನ ಬೆದೆಗೇ ಮತ್ತೆ ಕೂಡಿಸುವ ಆಶೆಯುಂಟಾಗುವುದು ಸಹಜ. ಹನ್ನೆರಡು ಮರಿಗಳಿಗೆ ಹಾಲೂಡಿದ ನಾಯಿಯ ಮೂಳೆ ಮಾಂಸಗಳು ತುಂಬಿಕೊಳ್ಳಲು ಆರು ತಿಂಗಳು ಸಾಲದು. ಒಂದು ಬೆದೆಯನ್ನಾದರೂ ಬಿಡಬೇಕು. ತಳಿಯ ವಿಷಯದಲ್ಲಿ ಸಲಹೆ ಬೇಕಾದವರಿಗೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.

ತಳಿಗಾಗಿ ಬೇಡದ ತಾಯಿನಾಯಿಗೆ, ಕೊನೆಯ ಮರಿಯು ಮನೆಯಿಂದ ಹೋಗಿ ಮೊಲೆಗಳು ಪೂರ್ತಿಯಾಗಿ ಬತ್ತಿದ ಮೇಲೆ, ಮುಂದಿನ ಬೆದೆಗೆ ಮುಂಚೆಯೇ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದು ಉತ್ತಮ. ಚಿಕಿತ್ಸೆಯ ಹಿಂದಿನ ರಾತ್ರಿಯಿಂದ ಆಹಾರವನ್ನು ನಿಲ್ಲಿಸಬೇಕು. ಆದ ಮೇಲೆ ಹತ್ತು ದಿವಸ ಹೊಲಿಗೆಯು ಒದ್ದೆಯಾಗದಂತೆಯೂ ನಾಯಿಯು ಅದನ್ನು ನೆಕ್ಕದಂತೆಯೂ ನೋಡಿಕೊಂಡು, ಒಣಗಿದ ಜಾಗದಲ್ಲಿ ಕಟ್ಟಿಹಾಕಿ, ಹೊಲಿಗೆ ಬಿಚ್ಚಿದ ಮೇಲೆ ಎಂದಿನಂತೆ ಕಾವಲಿಗೆ ಬಿಡಬಹುದು.